ಮೂರು ದಿನ ಕಾಯಿರಿ ಎನ್ನುವ ಮೊದಲು

ಆಷಾಢದ ಮಳೆ ಲೋಂಡಾದ ಮೇಲೆ ಒಮ್ಮೆ ಹಿಡಿದುಕೊಂಡರೆ ವಾರಗಟ್ಟಲೆ ಬಿಡುವುದಿಲ್ಲ. ಬೆಳಗಾವಿ, ಹುಬ್ಬಳ್ಳಿ ಮತ್ತು ಗೋವಾ ಕಡೆಯ ರೈಲುಹಾದಿಗಳು ಕೂಡುವ ಈ ಜಂಕ್ಷನ್ನಿನ ಸುತ್ತ ಪಶ್ಚಿಮ ಘಟ್ಟದ ಕಾಡು, ಕಾಡಿನ ಅಂಚಿಗೆ ಭತ್ತದ ಗದ್ದೆ, ಗದ್ದೆಯ ದಂಡೆಗೆ ಹೆಂಚಿನ ಮನೆಗಳು. ಕೆಸರಿನಲ್ಲಿ ನಾಟಿ ನಡೆದಿರುವಾಗಲೇ ಬಾವಿಗೆ ಹೊಲಸು ನೀರು ಸೇರುತ್ತದೆ, ಇಲಿಗಳು ಗದ್ದೆಯಿಂದ ಮನೆಗೆ ಬರುತ್ತವೆ, ಅವುಗಳ ಬೆನ್ನು ಹತ್ತಿ ಹಾವುಗಳೂ ಬರುತ್ತವೆ. ಕಣ್ಣು ಹಳದಿಯಾದವರು, ಜ್ವರದಿಂದ ಮೈಕೈ ನೊಂದವರು, ಕತ್ತಲಲ್ಲಿ ಕಾಲಿಗೆ ಏನೋ ಕಚ್ಚಿಸಿಕೊಂಡವರು ಹೆಚ್ಚಾಗಿ ಕಾಣಸಿಗುವುದು ಈ ತಿಂಗಳುಗಳಲ್ಲೇ. ತಾಲ್ಲೂಕು ಆಸ್ಪತ್ರೆಯಿರುವ ಖಾನಾಪುರ ಇಲ್ಲಿಂದ ಸುಮಾರು 25 ಕಿಲೋಮೀಟರ್, ದೊಡ್ಡ ದವಾಖಾನೆಗಳಿರುವ ಬೆಳಗಾವಿ ಸುಮಾರು 50 ಕಿಲೋಮೀಟರ್. ಎಲೆಯ ರಸ ಹಿಂಡಿ ಕೊಡುವ ವೈದ್ಯರಾದರೋ ನಡೆದು ಮುಟ್ಟಬಹುದಾದ ಹಳ್ಳಿಯಲ್ಲಿ, ತಿಳಿದ ಮಾತಿನಲ್ಲಿ, ಅಪರಾತ್ರಿಯಲ್ಲೂ ಬಾಗಿಲು ತೆರೆಯುವವರಾಗಿ ಇರುತ್ತಾರೆ.

ಆ ಬಾಗಿಲಲ್ಲಿ ಸಿಗುವ ಔಷಧದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ವಾದ ನಡೆದಿದೆ. ಆದರೆ ಔಷಧದ ಜೊತೆಗೆ ಸಿಗುವ ಸಲಹೆಯ ಬಗ್ಗೆ, ಅಂದರೆ ಏನನ್ನು ತಿನ್ನಬಾರದು, ಯಾವ ಗುಳಿಗೆಯನ್ನು ನಿಲ್ಲಿಸಬೇಕು, ಎಷ್ಟು ದಿನ ಕಾಯಬೇಕು, ಎಲ್ಲಿಗೆ ಹೋಗಬೇಕು ಅಥವಾ ಹೋಗಬಾರದು ಎಂಬ ಮಾತುಗಳ ಬಗ್ಗೆ, ಅಷ್ಟು ಗಂಭೀರವಾಗಿ ಯೋಚಿಸಿದ್ದು ಕಡಿಮೆ. ರೋಗಿಯ ಜೀವ ಎಷ್ಟೋ ಸಲ ನಿಂತಿರುವುದು ರಸದ ಗುಣದ ಮೇಲಲ್ಲ, ಈ ಮಾತುಗಳ ಮೇಲೆ.

ಯಾರು ಈ ವೈದ್ಯರು

‘ಪರ್ಯಾಯ ವೈದ್ಯ’ ಎಂಬ ಒಂದೇ ಹೆಸರಿನ ಅಡಿಯಲ್ಲಿ ಬಹಳ ಬೇರೆಬೇರೆ ಜನರು ಸೇರಿಕೊಂಡಿದ್ದಾರೆ. ಮೊದಲನೆಯವರು ಐದಾರು ವರ್ಷ ಕಾಲೇಜಿನಲ್ಲಿ ಓದಿ, ಸರ್ಕಾರಿ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡ ಆಯುರ್ವೇದ, ಯುನಾನಿ, ಹೋಮಿಯೋಪಥಿ, ಪ್ರಕೃತಿ ಚಿಕಿತ್ಸೆಯ ಪದವೀಧರರು. ಬೆಳಗಾವಿಯ ಶಹಾಪುರದಲ್ಲಿ ಕೆಎಲ್ಇ ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ 1933ರಿಂದ ಇಂಥವರನ್ನು ರೂಪಿಸುತ್ತ ಬಂದಿದೆ. ಎರಡನೆಯವರು ಪದವಿಯಿಲ್ಲದೆ ಮನೆತನದಿಂದ ವಿದ್ಯೆ ಪಡೆದ ನಾಟಿ ವೈದ್ಯರು, ಈ ಭಾಗದ ಜನ ಜವಾರಿ ಔಷಧ ಎಂದೋ ಮರಾಠಿಯಲ್ಲಿ ಗಾವಠಿ ಔಷಧ ಎಂದೋ ಕರೆಯುವುದನ್ನು ಕೊಡುವವರು. ಇವರಲ್ಲಿ ಎಲುಬು ಕಟ್ಟುವವರು, ಕಾಮಾಲೆಗೆ ಕೊಡುವವರು, ವಿಷಕ್ಕೆ ಕೊಡುವವರು ಎಂದು ಒಬ್ಬೊಬ್ಬರಿಗೆ ಒಂದೊಂದು ಕೈಗುಣ. ಪದವಿಯೂ ಇಲ್ಲದ, ಮನೆತನದ ಕಲಿಕೆಯೂ ಇಲ್ಲದ ಮೂರನೆಯ ಗುಂಪೊಂದಿದೆ. ಇವರು ಸಂತೆಯಲ್ಲಿ, ಲಾಡ್ಜಿನ ಕೋಣೆಯಲ್ಲಿ, ಈಗ ಮೊಬೈಲ್ ಪರದೆಯ ಮೇಲೆ ಕುಳಿತು ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರ್‌ವರೆಗೆ ಎಲ್ಲಕ್ಕೂ ಖಾತರಿ ಕೊಡುತ್ತಾರೆ.

ಲೋಂಡಾ ಸುತ್ತಲಿನ ಕಾಡಿನ ಹಳ್ಳಿಗಳಲ್ಲಿ ‘ಪರ್ಯಾಯ’ ಎಂಬ ಪದವೇ ತಿರುಗುಮುರುಗಾಗುತ್ತದೆ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಅಲ್ಲಿ ಮೊದಲ ವೈದ್ಯರು ನಾಟಿ ವೈದ್ಯರೇ, ಆಸ್ಪತ್ರೆಯೇ ಪರ್ಯಾಯ. ಬೆಳಗಾವಿಯಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯು ಇಂಥ ಜ್ಞಾನವನ್ನು ದಾಖಲಿಸಿ, ಪರೀಕ್ಷಿಸುವ ಕೆಲಸಕ್ಕೇ ನಿಂತಿರುವುದು ಈ ಪ್ರದೇಶದ ಭಾಗ್ಯ. ಆದ್ದರಿಂದ ಇಲ್ಲಿ ನೀತಿಯ ಪ್ರಶ್ನೆಯನ್ನು ಕೇಳುವಾಗ ಮೂರನೆಯ ಗುಂಪಿನ ಮೋಸಗಾರರನ್ನು ಬಯ್ದು ಮುಗಿಸುವುದು ಸುಲಭವಾದರೂ ಸಾಲದು. ಮೋಸದ ಉದ್ದೇಶವೇ ಇಲ್ಲದ, ಊರಿಗೆ ಬೇಕಾದ, ಪ್ರಾಮಾಣಿಕ ವೈದ್ಯರ ಸಲಹೆ ಎಲ್ಲಿ ದಾರಿ ತಪ್ಪುತ್ತದೆ ಎಂದು ಕೇಳುವುದೇ ಕಷ್ಟದ, ಹಾಗಾಗಿ ಅಗತ್ಯದ ಕೆಲಸ.

ತಾನಾಗಿ ಗುಣವಾಗುವ ಕಾಮಾಲೆ

ಅರಿಶಿನ ಕಾಮಾಲೆಯನ್ನೇ ತೆಗೆದುಕೊಳ್ಳಬಹುದು. ಕಾಮಾಲೆ ಎಂಬುದು ಒಂದು ರೋಗವಲ್ಲ, ಹಲವು ರೋಗಗಳ ಒಂದು ಗುರುತು: ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಹೆಚ್ಚಾದಾಗ ಕಣ್ಣು, ಚರ್ಮ, ಮೂತ್ರ ಬಣ್ಣ ತಾಳುತ್ತವೆ. ಮಳೆಗಾಲದಲ್ಲಿ ಹೊಲಸು ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಮತ್ತು ‘ಇ’ ವೈರಾಣುಗಳು ಇದಕ್ಕೆ ಸಾಮಾನ್ಯ ಕಾರಣ, ಮತ್ತು ಇವೆರಡೂ ಬಹುಪಾಲು ಜನರಲ್ಲಿ ಕೆಲವು ವಾರಗಳ ವಿಶ್ರಾಂತಿಯಿಂದ, ಯಾವ ಔಷಧವೂ ಇಲ್ಲದೆ ಮಾಯವಾಗುತ್ತವೆ. ಹೀಗಿರುವಾಗ ನೆಲನೆಲ್ಲಿಯ ರಸವನ್ನು ಮಜ್ಜಿಗೆಯಲ್ಲಿ ಕುಡಿಸಿ, ಎಣ್ಣೆ ಖಾರ ಬಿಡಿಸಿ, ಪಥ್ಯ ಹೇಳಿ ಕಳಿಸುವ ವೈದ್ಯರ ಬಳಿಗೆ ನೂರು ಜನ ಬಂದರೆ ತೊಂಬತ್ತಕ್ಕಿಂತ ಹೆಚ್ಚು ಜನ ಗುಣವಾಗಿ, ತೆಂಗಿನಕಾಯಿ ಹಿಡಿದು ಮರಳಿ ಬರುತ್ತಾರೆ. ವೈದ್ಯರು ಸುಳ್ಳು ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನು ನಂಬುತ್ತಿದ್ದಾರೆ; ಆದರೆ ಗುಣವಾಗದವರು ಅವರ ಅಂಗಳಕ್ಕೆ ಮತ್ತೆ ಬರುವುದಿಲ್ಲವಾದ್ದರಿಂದ ಆ ಲೆಕ್ಕ ಅವರಿಗೆ ಎಂದೂ ಸಿಗುವುದಿಲ್ಲ.

ಉಳಿದ ಆ ಕೆಲವರು ಯಾರು ಎಂಬುದರಲ್ಲೇ ಎಲ್ಲವೂ ಇದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿರುವ ಹೆಂಗಸಿಗೆ ಹೆಪಟೈಟಿಸ್ ‘ಇ’ ತಗುಲಿದರೆ ಸಾವಿನ ಪ್ರಮಾಣ ಶೇ 20ರಿಂದ 25ರವರೆಗೆ ಏರಬಹುದು. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿಯ ಮೂತ್ರದಿಂದ ಅಂಟುವ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ, ಮೀನಖಂಡ ಹಿಡಿದು ಜಗ್ಗಿದಂತೆ ನೋಯುತ್ತದೆ. ಅದಕ್ಕೆ ಮೊದಲ ದಿನಗಳಲ್ಲೇ ಸಾಮಾನ್ಯ ಪ್ರತಿಜೈವಿಕ ಔಷಧ ಸಿಕ್ಕರೆ ಉಳಿಯುವ ಮೂತ್ರಪಿಂಡ, ಒಂದು ವಾರ ಪಥ್ಯದಲ್ಲಿ ಕಳೆದರೆ ಉಳಿಯದೆ ಹೋಗಬಹುದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದವರು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದವರು, ಹುಟ್ಟಿದ ಮೊದಲ ದಿನವೇ ಹಳದಿಯಾದ ಕೂಸು ಇವರೆಲ್ಲರೂ ಅದೇ ‘ಕಾಮಾಲೆ’ಯ ಹೆಸರಿನಲ್ಲಿ ಅದೇ ಬಾಗಿಲಿಗೆ ಬರುತ್ತಾರೆ. ಇವರಿಗೆ ನೆಲನೆಲ್ಲಿಯಿಂದ ಆಗುವ ಹಾನಿ ಬಹಳವಿಲ್ಲ. ಹಾನಿಯಾಗುವುದು ‘ಮೂರು ದಿನ ನೋಡಿ, ಆಮೇಲೆ ಬನ್ನಿ’ ಎಂಬ ಮಾತಿನಿಂದ. ಉತ್ತರ ಕರ್ನಾಟಕದ ಕೆಲವು ಕಡೆ ಇನ್ನೂ ಉಳಿದಿರುವ, ಕೂಸಿನ ಹೊಟ್ಟೆಗೆ ಕಾದ ಬಳೆಯಿಂದಲೋ ಕಡ್ಡಿಯಿಂದಲೋ ಬರೆ ಹಾಕುವ ಪದ್ಧತಿಯನ್ನು ಮಾತ್ರ ಈ ಸಹಾನುಭೂತಿಯ ಚೌಕಟ್ಟಿನೊಳಗೆ ತರಲಾಗದು; ಅದು ಹಾನಿಯೇ.

ನೆಲನೆಲ್ಲಿಗೆ ಒಮ್ಮೆ ಜಗತ್ತಿನ ದೊಡ್ಡ ಪ್ರಯೋಗಾಲಯಗಳ ಗಮನವೂ ಸಿಕ್ಕಿತ್ತು. ಹೆಪಟೈಟಿಸ್ ‘ಬಿ’ ವೈರಾಣುವನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಮದ್ರಾಸಿನ ಸಂಶೋಧಕರ ಜೊತೆಗೂಡಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೆಲನೆಲ್ಲಿ ಸೇವಿಸಿದ 37 ವೈರಾಣು ವಾಹಕರಲ್ಲಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮರೆಯಾಗಿತ್ತು. ಹುಸಿ ಗುಳಿಗೆ ಪಡೆದ 23 ಜನರಲ್ಲಿ ಅದು ಒಬ್ಬರಿಗೆ ಮಾತ್ರ ಆಗಿತ್ತು. ಆಶೆ ಹುಟ್ಟಿಸಿದ ಈ ಫಲಿತಾಂಶವನ್ನು ಬೇರೆಡೆ ನಡೆದ ಮುಂದಿನ ಪರೀಕ್ಷೆಗಳಲ್ಲಿ ಮತ್ತೆ ಪಡೆಯಲಾಗಲಿಲ್ಲ. ಇಡೀ ಕಥೆಯಲ್ಲಿ ಯಾರಿಗೂ ಅವಮಾನವಿಲ್ಲ: ಊರ ಸೊಪ್ಪನ್ನು ಗೌರವದಿಂದ ಪರೀಕ್ಷೆಗೆ ಒಡ್ಡಲಾಯಿತು, ಬಂದ ಉತ್ತರವನ್ನು ಒಪ್ಪಿಕೊಳ್ಳಲಾಯಿತು. ಸಲಹೆ ಕೊಡುವವರಿಂದ ಕೇಳಬೇಕಾದದ್ದು ಈ ಎರಡನೆಯ ಗುಣವನ್ನೇ.

ಗಿಡಮೂಲಿಕೆಯಿಂದ ತೊಂದರೆಯೇ ಇಲ್ಲ ಎಂಬ, ಬಾಯಿಂದ ಬಾಯಿಗೆ ಹರಿಯುವ ಸಲಹೆಗೂ ಇದೇ ಮಾತು ಸಲ್ಲುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಅಮೃತಬಳ್ಳಿಯ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿದ ಆರು ಜನರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು, ಆಯುಷ್ ಸಚಿವಾಲಯ ಆ ನಿರ್ಣಯವನ್ನು ಒಪ್ಪಲಿಲ್ಲ, ಗಿಡ ಗುರುತಿಸುವುದರಲ್ಲೇ ತಪ್ಪಾಗಿರಬಹುದು ಎಂದಿತು. ವಾದ ಯಾವ ಕಡೆ ಇತ್ಯರ್ಥವಾದರೂ, ‘ಎಷ್ಟು ಬೇಕಾದರೂ ಕುಡಿಯಿರಿ’ ಎಂದವರು ಹೊರಬೇಕಾದ ಹೊಣೆ ಕಡಿಮೆಯಾಗುವುದಿಲ್ಲ.

ಊದದ ಕಡಿತ

ಸಲಹೆಯ ತೂಕ ಗಂಟೆಗಳಲ್ಲಿ ಅಳೆಯಲ್ಪಡುವುದು ಹಾವು ಕಚ್ಚಿದಾಗ. ಭಾರತದಲ್ಲಿ 2000ದಿಂದ 2019ರವರೆಗೆ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಆದರೂ ಮಂತ್ರಕ್ಕೆ, ಬೇರಿಗೆ, ಕಲ್ಲಿಗೆ ವಿಷ ಇಳಿಯುತ್ತದೆ ಎಂಬ ನಂಬಿಕೆ ಅಳಿಯದಿರುವುದಕ್ಕೆ ಕಾರಣ ಕಾಮಾಲೆಯದ್ದೇ. ದೇಶದ 300ರಷ್ಟು ಜಾತಿಯ ಹಾವುಗಳಲ್ಲಿ ವಿಷದವು 60ರಷ್ಟು, ವಿಷದ ಹಾವು ಕಚ್ಚಿದಾಗಲೂ ಎಷ್ಟೋ ಸಲ ವಿಷ ಒಳಗಿಳಿದಿರುವುದಿಲ್ಲ. ಹಾಗಾಗಿ ಏನು ಮಾಡಿದರೂ ಬದುಕಲಿದ್ದವರೇ ವೈದ್ಯರ ಕೀರ್ತಿಯನ್ನು ಊರೂರಿಗೆ ಒಯ್ಯುತ್ತಾರೆ.

ಕಟ್ಟುಹಾವಿನ ಕಡಿತ ಇದರಲ್ಲಿ ಅತ್ಯಂತ ಕ್ರೂರವಾದ ಪರೀಕ್ಷೆ. ಮರಾಠಿಯಲ್ಲಿ ಮಣ್ಯಾರ ಎನ್ನುವ ಈ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಗಾಯ ಸೊಳ್ಳೆ ಕಚ್ಚಿದಷ್ಟೂ ಕಾಣದೆ ಹೋಗಬಹುದು, ಊತವಿಲ್ಲ, ಉರಿಯಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು ಬರುತ್ತದೆ, ಕಣ್ಣರೆಪ್ಪೆ ಜೋತು ಬೀಳುತ್ತದೆ, ನುಂಗಲು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಗಾಯ ನೋಡಿ ‘ವಿಷ ಏರಿಲ್ಲ, ಮಲಗಿಸಿ’ ಎಂದ ವೈದ್ಯರು ತಮ್ಮ ಅನುಭವಕ್ಕೆ ನಿಷ್ಠರಾಗಿಯೇ ಹೇಳಿರುತ್ತಾರೆ, ಏಕೆಂದರೆ ಮಂಡಲದ ಹಾವುಗಳ ಕಡಿತದಲ್ಲಿ ಊತವೇ ವಿಷದ ಗುರುತು. ಕೊಳಕುಮಂಡಲದ ವಿಷವಾದರೋ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಳಿಯಲು ಚಿಕ್ಕ ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆಯೆಂದರೆ ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಬಗ್ಗಿಸಿ ನೋಡುವುದು. ನಳಿಕೆಯಲ್ಲಿ ರಕ್ತ ಇನ್ನೂ ಹರಿದಾಡಿದರೆ ಪ್ರತಿವಿಷ ಬೇಕೇ ಬೇಕು. ಅಂಗಳದಲ್ಲಿ ಕುಳಿತು, ನಾಡಿ ಹಿಡಿದು ಇದನ್ನು ಹೇಳಲು ಯಾವ ಕೈಗುಣಕ್ಕೂ ಸಾಧ್ಯವಿಲ್ಲ.

ಆಧುನಿಕ ವೈದ್ಯಕ್ಕೂ ಇಲ್ಲಿ ಮಿತಿಗಳಿವೆ, ಅವನ್ನು ಮುಚ್ಚಿಡುವುದೂ ನೀತಿಯಲ್ಲ. ನಮ್ಮ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕರ ವಿಷದಿಂದ. ಘಟ್ಟದ ಕಾಡಿನಲ್ಲಿರುವ ಗೂನುಮೂಗಿನ ಮಂಡಲದ ಹಾವಿನ ಕಡಿತಕ್ಕೆ ಅದು ನಾಟುವುದಿಲ್ಲ. ಇನ್ನೊಂದು ಮಾತು: ಆ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲನ್ನು ತೆಗೆದುಕೊಡುವವರು ತಮಿಳುನಾಡಿನ ಇರುಳರ ಸಹಕಾರ ಸಂಘದವರು, 1978ರಲ್ಲಿ ಹಾವು ಹಿಡಿಯುವ ಪಾರಂಪರಿಕ ವಿದ್ಯೆಯ ಮೇಲೆಯೇ ಕಟ್ಟಿದ ಸಂಘ ಅದು. ವಿಷಶಾಸ್ತ್ರ ಕನ್ನಡಿಗರಿಗೂ ಹೊಸದಲ್ಲ. 14ನೇ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಪೂರ್ತಿಯಾಗಿ ವಿಷ ಮತ್ತು ಅದರ ಚಿಕಿತ್ಸೆಯನ್ನೇ ಕುರಿತ ಗ್ರಂಥ. ಅಂದು ಗೊತ್ತಿದ್ದ ಅತ್ಯುತ್ತಮವಾದುದನ್ನು ಅವನು ಬರೆದ. ಇಂದು ಗೊತ್ತಿರುವ ಅತ್ಯುತ್ತಮವಾದುದು ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿದೆ.

ಚರಕ ಹಾಕಿದ ಗೆರೆ

ನಾಟಿ ವೈದ್ಯರ ಸಲಹೆಗೆ ನೀತಿಯ ಅಳತೆಗೋಲು ಹೊರಗಿನಿಂದ ತರಬೇಕಾಗಿಲ್ಲ. ಚರಕಸಂಹಿತೆ ರೋಗಗಳನ್ನು ಸುಲಭವಾಗಿ ಗುಣವಾಗುವವು, ಕಷ್ಟದಿಂದ ಗುಣವಾಗುವವು, ಗುಣವಾಗದಿದ್ದರೂ ಔಷಧದಿಂದ ತಡೆದಿಡಬಹುದಾದವು ಅಂದರೆ ಯಾಪ್ಯ, ಮತ್ತು ಅಸಾಧ್ಯ ಎಂದು ವಿಂಗಡಿಸಿ, ಚಿಕಿತ್ಸೆಗೆ ಮೊದಲು ಈ ವಿಂಗಡಣೆ ಮಾಡಲಾರದವನನ್ನು ವೈದ್ಯನೆಂದೇ ಒಪ್ಪುವುದಿಲ್ಲ. ಅಸಾಧ್ಯವನ್ನು ಕೈಗೆತ್ತಿಕೊಂಡವನು ಧನ, ವಿದ್ಯೆ, ಕೀರ್ತಿ ಮೂರನ್ನೂ ಕಳೆದುಕೊಳ್ಳುತ್ತಾನೆ ಎಂದು ಎಚ್ಚರಿಸುತ್ತದೆ. ವೈದ್ಯನ ವೇಷ ತೊಟ್ಟು ತಿರುಗುವವರ ಲಕ್ಷಣಗಳನ್ನೂ ಅದೇ ಗ್ರಂಥ ವಿವರವಾಗಿ ಕೊಡುತ್ತದೆ. ಸುಶ್ರುತನಂತೂ ರಾಜನ ಅನುಮತಿ ಪಡೆದ ಮೇಲೆಯೇ ವೃತ್ತಿಗೆ ಇಳಿಯಬೇಕು ಎಂದಿದ್ದಾನೆ, ಈಗಿನ ಮಾತಿನಲ್ಲಿ ಅದು ನೋಂದಣಿ.

ಈ ಹಳೆಯ ನಿಯಮದಲ್ಲಿ ರೋಗಿಯ ಹಿತದಷ್ಟೇ ವೈದ್ಯನ ಹೆಸರು ಉಳಿಸಿಕೊಳ್ಳುವ ಕಾಳಜಿಯೂ ಇತ್ತೆಂಬುದು ನಿಜ. ಅಂದು ಅಸಾಧ್ಯವೆಂದು ಕೈಬಿಟ್ಟ ರೋಗಿಗೆ ಬೇರೆ ಗತಿಯಿರಲಿಲ್ಲ. ಇಂದು ಪರಿಸ್ಥಿತಿ ಬೇರೆ: ಒಬ್ಬರಿಗೆ ಅಸಾಧ್ಯವಾದುದು ಐವತ್ತು ಕಿಲೋಮೀಟರಿನ ಆಚೆ ಇನ್ನೊಬ್ಬರಿಗೆ ಸಾಧ್ಯವಾಗಿರಬಹುದು. ಆದ್ದರಿಂದ ‘ಇದು ನನ್ನ ಕೈಮೀರಿದ್ದು’ ಎಂಬ ಮಾತು ಈಗ ರೋಗಿಯನ್ನು ಕೈಬಿಡುವ ಮಾತಲ್ಲ, ಅವನಿಗೆ ದಾರಿ ತೋರುವ ಮಾತು. ಯಾಪ್ಯದ ಕಲ್ಪನೆಯೂ ಇಲ್ಲಿ ಬಹಳ ಬೆಲೆಯುಳ್ಳದ್ದು. ಸಕ್ಕರೆ ಕಾಯಿಲೆ, ಮೂರ್ಛೆರೋಗ, ರಕ್ತದೊತ್ತಡ ಎಲ್ಲವೂ ಬೇರಿನಿಂದ ಕಿತ್ತು ಹೋಗದ, ಆದರೆ ದಿನವೂ ಔಷಧ ತೆಗೆದುಕೊಂಡರೆ ತಡೆದಿಡಬಹುದಾದ ರೋಗಗಳು. ಇವನ್ನು ‘ಬುಡಸಮೇತ ಕೀಳುತ್ತೇನೆ, ಇಂಗ್ಲಿಷ್ ಗುಳಿಗೆ ಬಿಡಿ’ ಎನ್ನುವವರು ಆಧುನಿಕ ವೈದ್ಯಕ್ಕಷ್ಟೇ ಅಲ್ಲ, ತಾವು ಹೆಸರು ಹೇಳುವ ಶಾಸ್ತ್ರಕ್ಕೂ ವಿರುದ್ಧ ನಡೆಯುತ್ತಾರೆ. ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದ ಮಗುವಿನ ದೇಹಕ್ಕೆ ಆ ಚುಚ್ಚುಮದ್ದು ತಪ್ಪಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು. ಕ್ಷಯದ ಗುಳಿಗೆಗಳನ್ನು ನಡುವೆ ಬಿಟ್ಟವರಲ್ಲಿ ಔಷಧಕ್ಕೆ ಜಗ್ಗದ ರೋಗಾಣು ಬೆಳೆದು ಮನೆಮಂದಿಗೂ ಹರಡುತ್ತದೆ. ಒಂದು ಔಷಧವನ್ನು ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ನಿಲ್ಲಿಸುವುದಕ್ಕೆ ಹೆಚ್ಚು ಜ್ಞಾನ ಬೇಕು.

ಕಾನೂನಿನ ಕೈಗೆ ಸಿಗುವುದು, ಸಿಗದಿರುವುದು

ಕಾನೂನುಗಳ ಕೊರತೆಯೇನೂ ಇಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರಷ್ಟು ಹಳೆಯದು. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಮೂರ್ಛೆ, ಪಾರ್ಶ್ವವಾಯು ಮುಂತಾದ ಪಟ್ಟಿಮಾಡಿದ ರೋಗಗಳನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಟ್ಟರೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಸೆರೆಯಾಗಬಹುದು. ತಾನು ಕಲಿಯದ ಪದ್ಧತಿಯ ಔಷಧವನ್ನು ಕೊಡುವವನು ನಕಲಿ ವೈದ್ಯನೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ, ಅಲೋಪಥಿ ಔಷಧ ಬರೆದ ಹೋಮಿಯೋಪಥಿ ವೈದ್ಯರೊಬ್ಬರ ಪ್ರಕರಣದಲ್ಲಿ ಹೇಳಿತು. ಮಾನ್ಯ ಅರ್ಹತೆಯಿಲ್ಲದ ಪಾರಂಪರಿಕ ವೈದ್ಯರು ವೃತ್ತಿ ನಡೆಸುವಂತಿಲ್ಲ ಎಂದು 2018ರಲ್ಲಿ, ಕೇರಳದ ಪ್ರಕರಣದಲ್ಲಿ ಹೇಳಿತು. ಹಾವು, ನಾಯಿ, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ, ದಾರ ಕಟ್ಟುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದು ಹೆಸರಿಸಿದೆ; ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ.

ಇಷ್ಟಾದರೂ ಎದುರುಬದುರು ಕುಳಿತು, ಮೆಲುದನಿಯಲ್ಲಿ ಹೇಳಿದ ಸಲಹೆ ಈ ಬಲೆಯಿಂದ ಜಾರಿಹೋಗುತ್ತದೆ. ಜಾಹೀರಾತಿನ ಕಾಯ್ದೆ ಸಾರ್ವಜನಿಕ ಪ್ರಕಟಣೆಗೆ ಅನ್ವಯಿಸುವುದೇ ಹೊರತು ಒಬ್ಬ ರೋಗಿಯ ಕಿವಿಗೆ ಬಿದ್ದ ಮಾತಿಗಲ್ಲ. ಇನ್ನೊಂದು ತೊಡಕು ಮನಸ್ಸಿಗೆ ನೋವುಂಟುಮಾಡುವಂಥದು: ಹಣ ಮುಟ್ಟಿದರೆ ಔಷಧದ ಗುಣ ಹೋಗುತ್ತದೆ ಎಂಬ ನೇಮದಿಂದ ಎಲೆ, ಅಡಿಕೆ, ತೆಂಗಿನಕಾಯಿ ಮಾತ್ರ ಸ್ವೀಕರಿಸುವ ವೈದ್ಯರು ನಮ್ಮಲ್ಲಿ ಇನ್ನೂ ಇದ್ದಾರೆ, ಮತ್ತು ಅದು ಅವರ ದೊಡ್ಡತನ, ಆದರೆ ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿರುವುದರಿಂದ, ಅಲ್ಲಿ ಹಾನಿಯಾದವರಿಗೆ ಗ್ರಾಹಕ ನ್ಯಾಯಾಲಯದ ಬಾಗಿಲು ತೆರೆಯುವುದಿಲ್ಲ. ಸರ್ಕಾರವೂ ಸ್ಥಿರವಾಗಿ ನಿಂತಿಲ್ಲ. ಆಯುಷ್ ಔಷಧಗಳ ಜಾಹೀರಾತಿಗೆ ಮುಂಚೆ ಅನುಮೋದನೆ ಕಡ್ಡಾಯ ಮಾಡಿದ್ದ, 2018ರಲ್ಲಿ ಸೇರಿಸಿದ 170ನೇ ನಿಯಮವನ್ನು ಕೇಂದ್ರವು 2024ರ ಜುಲೈನಲ್ಲಿ ಕೈಬಿಟ್ಟಿತು. ಮುಂದಿನ ತಿಂಗಳೇ ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಪ್ರಕರಣ ಮುಗಿದಾಗ ಆ ತಡೆಯೂ ತೆರವಾಯಿತು.

ಗುಟ್ಟಿನ ಪ್ರಶ್ನೆ

ಮೂಲಿಕೆಯ ಹೆಸರು ಹೇಳಿದರೆ ಅದು ಕೆಲಸ ಮಾಡುವುದಿಲ್ಲ ಎಂಬ ನಂಬಿಕೆ ಮನೆತನದ ವಿದ್ಯೆಯನ್ನು ಕಾಪಾಡಿದೆ. ಹೊರಗಿನ ಕಂಪನಿಗಳು ಕಾಡಿನ ಜ್ಞಾನವನ್ನು ಬರಿಗೈಯಲ್ಲಿ ಬಂದು ಹೊತ್ತೊಯ್ಯುವ ಕಾಲದಲ್ಲಿ ಆ ಭಯಕ್ಕೆ ಆಧಾರವೂ ಇದೆ. ಆದರೆ ರೋಗಿಯ ಹೊಟ್ಟೆಗೆ ಹೋದದ್ದೇನೆಂದು ಯಾರಿಗೂ ತಿಳಿಯದಿದ್ದರೆ, ಮರುದಿನ ಪ್ರಜ್ಞೆ ತಪ್ಪಿ ಬಂದವನಿಗೆ ಬೆಳಗಾವಿಯ ವೈದ್ಯರು ಕಣ್ಣುಕಟ್ಟಿಕೊಂಡು ಚಿಕಿತ್ಸೆ ಮಾಡಬೇಕಾಗುತ್ತದೆ. ಬೋಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2004ರ ಅಧ್ಯಯನವೊಂದು ತೋರಿಸಿತು. ಚೀಟಿಯಿದ್ದ ಡಬ್ಬಿಗಳ ಸ್ಥಿತಿಯೇ ಹೀಗಿದ್ದರೆ ಕಾಗದದ ಪೊಟ್ಟಣದ ಬಗ್ಗೆ ರೋಗಿ ಪ್ರಶ್ನೆ ಕೇಳುವುದು ಅವಿನಯವಲ್ಲ. ಊರಿಗೆಲ್ಲ ಹೇಳದ ಗುಟ್ಟನ್ನು ಚಿಕಿತ್ಸೆ ಮಾಡುವ ಇನ್ನೊಬ್ಬ ವೈದ್ಯರಿಗೆ ಹೇಳುವ ಮಧ್ಯದ ದಾರಿಯೊಂದು ಇದೆ. ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನದಂಥವು ನಾಟಿ ವೈದ್ಯರ ಜ್ಞಾನವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯತ್ತ ದುಡಿದದ್ದು ಅಪರಾಧಿಗಳೆಂದು ಓಡಿಸುವುದಕ್ಕಿಂತ ಬಹಳ ಮೇಲು, ಏಕೆಂದರೆ ಓಡಿಸಲ್ಪಟ್ಟವರು ಗುಟ್ಟಾಗಿ ಔಷಧ ಕೊಡುತ್ತಾರೆ, ಗುಟ್ಟಾಗಿ ಕೊಟ್ಟವರು ರೋಗಿಯನ್ನು ಆಸ್ಪತ್ರೆಗೆ ಕಳಿಸಲು ಹೆದರುತ್ತಾರೆ.

ಹೋಗಿ ಎಂದ ಮೇಲೆ

ಸಲಹೆಯ ನೀತಿಯನ್ನು ವೈದ್ಯರ ಹೆಗಲ ಮೇಲಷ್ಟೇ ಹೇರಿ ಕೈತೊಳೆದುಕೊಳ್ಳುವ ಹಕ್ಕು ಖಾನಾಪುರ ತಾಲ್ಲೂಕಿನ ಮಟ್ಟಿಗಂತೂ ಯಾರಿಗೂ ಇಲ್ಲ. ಕರ್ನಾಟಕವು 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಅದೇ ವರ್ಷದ ಮಳೆಗಾಲದಲ್ಲಿ, ಭೀಮಗಡ ವನ್ಯಧಾಮದೊಳಗಿನ ಆಮಗಾಂವದಿಂದ ಕಾಯಿಲೆ ಬಿದ್ದ ಮಹಿಳೆಯೊಬ್ಬರನ್ನು ಊರವರು ಸುರಿಯುವ ಮಳೆಯಲ್ಲಿ, ಕಟ್ಟಿಗೆಗೆ ಕಟ್ಟಿದ ಡೋಲಿಯಲ್ಲಿ ಕಿಲೋಮೀಟರುಗಟ್ಟಲೆ ಹೊತ್ತು ಆಂಬುಲೆನ್ಸ್ ಬರುವ ಜಾಗ ಮುಟ್ಟಿಸಿದರು. ವನ್ಯಧಾಮದ ಊರುಗಳಿಗೆ ರಸ್ತೆ ಬೇಕೆ, ಜನರು ಹೊರಬರಬೇಕೆ ಎಂಬ ವಾದ ಇನ್ನೂ ನಡೆದಿದೆ.

ಹಾವು ಕಚ್ಚಿದವರಿಗೆ ಕೊಡಬೇಕಾದ ಸರಿಯಾದ ಸಲಹೆ ಚಿಕ್ಕದು: ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಚ್ಚಿದ ಕಾಲನ್ನು ಅಲುಗಿಸದೆ ಮಲಗಿಸಿ, ನಡೆಸದೆ ಹೊತ್ತುಕೊಂಡು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಆಮಗಾಂವ, ಗವಾಳಿ, ಪಾಸ್ತೋಳಿಯಂಥ ಊರುಗಳಲ್ಲಿ ಇದನ್ನು ಹೇಳುವ ಮೊದಲ ವ್ಯಕ್ತಿ ನಾಟಿ ವೈದ್ಯರೇ ಆಗಿರುವ ಸಾಧ್ಯತೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೆ, ಹೇಳಿದ ಮೇಲೆ ಡೋಲಿ ಹೊರಲು ನಾಲ್ಕು ಜನರನ್ನು ಕೂಗಿ ಕರೆಯಬೇಕಾದವರೂ ಅವರೇ.